ಕಾರ್ಲೈಲ್ ಯುನೈಟೆಡ್ ಅಂದ್ರೆ ಎಲ್ಲರೂ "ಅಯ್ಯೋ ದೂರ, ಅಯ್ಯೋ ರಫ್" ಅಂತಾರೆ. ಯಾಕೆ?

ತೀರ್ಥಹಳ್ಳಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆ ಕೆಲಸದ ಮೇಲೆ ಕಾರ್ಲೈಲ್‌ಗೆ ಬಂದವಳು ನಾನು. ಇಂಗ್ಲೆಂಡಿನ ವಾಯವ್ಯ ಮೂಲೆ, ಇನ್ನೊಂದು ಹತ್ತು ಮೈಲಿ ಹೋದರೆ ಸ್ಕಾಟ್ಲೆಂಡ್. ಮಗನಿಗೆ ಹತ್ತು ವರ್ಷ. ಬಂದ ಹೊಸದರಲ್ಲಿ ಲಿವರ್‌ಪೂಲ್ ಜಪ ಮಾಡ್ತಿದ್ದ. ಶಾಲೆಯ ಗೆಳೆಯನ ಜೊತೆ ಒಂದು ಶನಿವಾರ ಇಲ್ಲಿನ ಫುಟ್‌ಬಾಲ್ ಕ್ಲಬ್ಬು ಕಾರ್ಲೈಲ್ ಯುನೈಟೆಡ್‌ನ ಮೈದಾನ ಬ್ರಂಟನ್ ಪಾರ್ಕ್‌ಗೆ ಹೋಗಿ ಬಂದಿದ್ದೇ ತಡ, ಈಗ ಮನೆಯಲ್ಲಿ ನೀಲಿ ಶರ್ಟು ಬಿಟ್ಟು ಬೇರೆ ಬಟ್ಟೆ ಒಗೆಯೋ ಹಾಗೇ ಇಲ್ಲ.

ಈ ಕ್ಲಬ್ 2023ರಲ್ಲಿ ವೆಂಬ್ಲಿಯಲ್ಲಿ ಗೆದ್ದು ಮೂರನೇ ಹಂತದ ಲೀಗ್ ಒನ್‌ಗೆ ಏರಿತ್ತಂತೆ. ಆಮೇಲೆ ಸಾಲಾಗಿ ಎರಡು ವರ್ಷ ಜಾರಿ, 2025ರಲ್ಲಿ ಫುಟ್‌ಬಾಲ್ ಲೀಗಿನಿಂದಲೇ ಆಚೆ ಬಿದ್ದು ಈಗ ಐದನೇ ಹಂತದ ನ್ಯಾಷನಲ್ ಲೀಗ್‌ನಲ್ಲಿ ಆಡ್ತಾ ಇದೆ. ಆದರೂ ಜನ ಸಾವಿರಗಟ್ಟಲೆ ಬರ್ತಾರೆ, ಅದೇ ನನಗೆ ಆಶ್ಚರ್ಯ.

ವಿಷಯ ಏನಂದ್ರೆ, ಮ್ಯಾಂಚೆಸ್ಟರ್ ಕಡೆ ದೀಪಾವಳಿಗೆ ಹೋದಾಗ ಮಗ ಅದೇ ಶರ್ಟು ಹಾಕ್ಕೊಂಡು ಬಂದಿದ್ದ. ಅಲ್ಲಿದ್ದ ನಮ್ಮವರೇ ಒಬ್ಬರು "ಕಾರ್ಲೈಲಾ? ಅದು ಸ್ಕಾಟ್ಲೆಂಡ್ ಅಲ್ವಾ?" ಅಂದ್ರು. ಇನ್ನೊಬ್ಬರು "ಆ ಕಡೆಯವರು ಸ್ವಲ್ಪ ರಫ್, ಮಗುನ ಕಳಿಸಬೇಡಿ" ಅಂದ್ರು. ಹೋಗಿ ನೋಡಿದ್ದೀರಾ ಅಂತ ಕೇಳಿದರೆ ಇಬ್ಬರೂ ಹೋಗಿಲ್ಲ.

ನಮ್ಮ ವಾರ್ಡಿನಲ್ಲಿ ಈ ಕಡೆಯ ಬೇರೆ ಬೇರೆ ಊರಿನವರದ್ದು ಇನ್ನೊಂದು ತಮಾಷೆ. ವೈಟ್‌ಹೇವನ್‌ನವರು ವರ್ಕಿಂಗ್ಟನ್‌ನವರನ್ನ ಬೈತಾರೆ, ಅವರು ಇವರನ್ನ ಬೈತಾರೆ, ಇಬ್ಬರೂ ಸೇರಿ ಕಾರ್ಲೈಲ್‌ನವರನ್ನ ಬೈತಾರೆ. ಬ್ಯಾರೊ ಮಾತು ಬಂದರೆ ಮೂವರೂ "ಅವರು ನಮ್ಮವರೇ ಅಲ್ಲ" ಅಂತ ಒಂದಾಗಿಬಿಡ್ತಾರೆ!

ನನ್ನ ಪ್ರಶ್ನೆ ಎರಡು. ಸಣ್ಣ ಕ್ಲಬ್ಬಿಗೆ ಇಂಥ ಹೆಸರು ಹೇಗೆ ಅಂಟ್ಕೊಳ್ಳತ್ತೆ? ಈ ಪಕ್ಕದೂರಿನ ಜಗಳದಿಂದಲಾ, ದೂರದಿಂದಲಾ? ಎರಡನೇದು, ಗೇಟ್ಸ್‌ಹೆಡ್‌ನಲ್ಲಿ ನಡೆಯೋ ಪಂದ್ಯಕ್ಕೆ ಕರ್ಕೊಂಡು ಹೋಗು ಅಂತ ಮಗ ಹಟ ಹಿಡಿದಿದ್ದಾನೆ. ಹೋಗಬಹುದಾ?

ಧಾರವಾಡದಾಂವ

ತಂಗಿ, ನಿಮ್ಮ ವಾರ್ಡಿನ ಕತಿ ಓದಿ ನಕ್ಕೆ. ನಾ ವರ್ಕಿಂಗ್ಟನ್ನಿನ್ಯಾಗ ಮನಿ ಮಾಡಿ ಭಾಳ ವರ್ಷ ಆತು, ಈಗ ರಿಟಾಯರ್ ಆಗೇನಿ. ನೀವು ಕೇಳಿದ್ದು ಎಲ್ಲಾ ಖರೇ. ಇಲ್ಲಿ ಮಂದಿ ವೈಟ್‌ಹೇವನ್‌ದವರಿಗೆ "ಜಾಮ್ ಈಟರ್ಸ್" ಅಂತ ಛೇಡಿಸ್ತಾರ, ವೈಟ್‌ಹೇವನ್‌ದವರು ತಿರುಗಿ ಅದನ್ನ ಇವರಿಗೆ ಅಂತಾರ. ಬ್ರೆಡ್ಡಿಗೆ ಜಾಮ್ ಬಿಟ್ಟು ಬ್ಯಾರೆ ಏನೂ ಹಚ್ಚಿಕೊಳ್ಳಾಕ ಗತಿ ಇಲ್ಲದ ಗಣಿ ಕೂಲಿಗಳು ಅಂತ. ಇಬ್ಬರ ಅಜ್ಜಂದಿರೂ ಅದೇ ಗಣಿಯೊಳಗ ಇಳದವರು, ಆದ್ರೂ ಬಿಡೂದಿಲ್ಲ.

ನನ್ನ ಕೇಳಿದ್ರ, ಈ ಜಗಳ ಕ್ಲಬ್ಬಿನ ಹೆಸರು ಕೆಡಸೂದಿಲ್ಲ. ಜಗಳ ಇದ್ರ ಕ್ಲಬ್ಬು ಉಳೀತದ. ಹೆಸರು ತಿಂದದ್ದು ದೂರ. ಬಾಯಿ ಮಾತಲ್ಲ ಇದು, ಈ ಕಡೆ ಎರಡು ಕ್ಲಬ್ಬು ಲೀಗ್ ಬಿಟ್ಟು ಹೋದದ್ದು ಅದ್ರಾಗಿಂದನ.

1986ರ ತನಕ ಏನ್ ರೂಢಿ ಇತ್ತು ಅಂದ್ರ, ಲೀಗಿನ ಕಟ್ಟಕೆಳಗಿನ ನಾಲ್ಕನೇ ಡಿವಿಷನ್ನಿನ ಕಡೀಕ ಬಿದ್ದ ನಾಲ್ಕು ಕ್ಲಬ್ಬು ತಾನಾಗೇ ಹೊರಗ ಹೋಗ್ತಿದ್ದಿಲ್ಲ. ವರ್ಷದ ಸಭಾದಾಗ ಕೈ ಮುಗದು ನಿಂದ್ರಬೇಕು, ಉಳಿದ ಕ್ಲಬ್ಬಿನವರು ಓಟು ಹಾಕಿ ಇಟ್ಕೋತಾರೋ, ಅಟ್ಟತಾರೋ ನೋಡಬೇಕು. ಹೊರಗಿನ ಕ್ಲಬ್ಬುಗಳೂ ಬಾಗಿಲಿಗೆ ಬಂದು ನಿಂತಿರತಾವ. ಅಂದ್ರ ನೀವು ಎಷ್ಟು ಗೋಲ್ ಹೊಡದ್ರಿ ಅನ್ನೂದಕಿಂತ, ನಿಮ್ಮ ಬಗ್ಗೆ ನಾಲ್ಕು ಮಂದಿ ಏನಂತಾರ ಅನ್ನೂದ ದೊಡ್ಡದು.

ಇದರ ಮ್ಯಾಲ ರೊಕ್ಕದ ಲೆಕ್ಕ. 1983ರ ತನಕ ಗೇಟಿನ ದುಡ್ಡಿನ್ಯಾಗ ಒಂದು ಪಾಲು ಹೊರಗಿಂದ ಬಂದ ತಂಡಕ್ಕೂ ಕೊಡ್ತಿದ್ರು. ಈಗ ನೀವು ದಕ್ಷಿಣದ ಒಂದು ಬಡ ಕ್ಲಬ್ಬಿನ ಸೆಕ್ರೆಟರಿ ಅಂತ ತಿಳಕೋರಿ. ಬ್ಯಾರೊಗೆ ಹೋಗಬೇಕು. ಬಸ್ಸು, ಊಟ, ರಾತ್ರಿ ವಸ್ತಿ. ಅಲ್ಲಿ ಹೋದ್ರ ಮಳಿ, ಮೈದಾನದಾಗ ಎರಡೂವರೆ ಸಾವಿರ ಮಂದಿ. ನಿಮ್ಮ ಪಾಲು ಬಸ್ಸಿನ ಡೀಸೆಲ್ಲಿಗೂ ಸಾಲೂದಿಲ್ಲ. ಅದೇ ಪಕ್ಕದೂರಿನ ತಂಡ ಆಗಿದ್ರ? ಅರ್ಧ ತಾಸಿನ ಹಾದಿ, ಎರಡೂ ಊರಿನ ಮಂದಿ ಕೂಡ್ತಾರ, ಬಡಿದಾಡ್ತಾರ, ಗಲ್ಲಾ ತುಂಬ್ತದ. ನಿಮ್ಮ ವೈರಿ ನಿಮ್ಮ ಗಿರಾಕಿ. ಅವನನ್ನ ಹೊರಗ ಹಾಕಾಕ ಯಾರು ಓಟು ಹಾಕ್ತಾರ?

ಹಂಗಾಗಿ ಹೋದವರ ಪಟ್ಟಿ ನೋಡ್ರಿ. 1960ರಾಗ ಗೇಟ್ಸ್‌ಹೆಡ್. ಅವತ್ತು ಅವರಕಿಂತ ಕೆಳಗ ಹಾರ್ಟಲ್‌ಪೂಲ್, ಓಲ್ಡಮ್ ಎರಡೂ ಇದ್ವು, ಹೋದದ್ದು ಗೇಟ್ಸ್‌ಹೆಡ್. ಹೊಳಿ ದಾಟಿದ್ರ ನ್ಯೂಕಾಸಲ್, ಅದರ ನೆರಳಿನ್ಯಾಗ ಇವರು ಯಾರಿಗೂ ಕಾಣ್ತಿದ್ದಿಲ್ಲ. 1972ರಾಗ ಬ್ಯಾರೊ. ಅವರೂ ಕಡೀಕ ಇದ್ದಿಲ್ಲ, ಕೆಳಗ ಸ್ಟಾಕ್‌ಪೋರ್ಟ್, ಕ್ರೂ ಇದ್ವು. ಮೊದಲ ಸಲ ಎಣಿಸಿದಾಗ ಬ್ಯಾರೊಗೂ ಹೊರಗಿನ ಹೆರೆಫೋರ್ಡ್‌ಗೂ 26-26 ಸಮ. ಮತ್ತ ಹಾಕಿದ್ರು, 29-20. ಬ್ಯಾರೊ 1921ರಿಂದ ಲೀಗಿನೊಳಗ ಇದ್ದ ಕ್ಲಬ್ಬು! ಮೈದಾನದ ಸುತ್ತ ಮೋಟಾರ್‌ಬೈಕ್ ರೇಸಿನ ಸ್ಪೀಡ್‌ವೇ ಹಾದಿ ಮಾಡಿಸಿದ್ರು ಅಂತಲೂ ಮಂದಿಗೆ ಸಿಟ್ಟು ಬಂದಿತ್ತು ಅಂತಾರ. ಮತ್ತ ಲೀಗಿಗೆ ಬರಾಕ 48 ವರ್ಷ ಹಿಡೀತು, 2020ಕ್ಕ ಬಂದ್ರು.

1977ರಾಗ ನಮ್ಮ ವರ್ಕಿಂಗ್ಟನ್. ಇದು ಮಾತ್ರ ಒಪ್ಪಬೇಕು, ಎರಡು ವರ್ಷ ಸತತ ಕಟ್ಟಕಡೀಕ ಬಿದ್ದಿದ್ರು. ಅವರ ಜಾಗಕ್ಕ ಲಂಡನ್ನಿನ ವಿಂಬಲ್ಡನ್ ಬಂತು. ನಮ್ಮ ಬಾಜೂ ಮನಿ ಮುದುಕ ಈಗೂ ವಿಂಬಲ್ಡನ್ ಹೆಸರು ತಗದ್ರ ಎದ್ದು ಚಹಾ ಇಡಾಕ ಹೋಗ್ತಾನ. ಅವನ ಹತ್ರ ಒಂದು ಬಿಸ್ಕಿಟ್ ಡಬ್ಬಿ ಅದ. ಅದರೊಳಗ 1958ರ ಜನವರಿ 4ರ ಪ್ರೋಗ್ರಾಮ್ ಪುಸ್ತಕ, ಬರೇ ಕೈಲೆ ಮುಟ್ಟಗೊಡೂದಿಲ್ಲ, ಕೈ ತೊಳಕೊಂಡು ಒರಸಿಕೊಂಡು ಬಾ ಅಂತಾನ. ಅವತ್ತು ದೊಡ್ಡ-ಸಣ್ಣ ಕ್ಲಬ್ಬು ಕೂಡಿ ಆಡೂ ಎಫ್‌ಎ ಕಪ್ಪಿನ್ಯಾಗ ಮ್ಯಾಂಚೆಸ್ಟರ್ ಯುನೈಟೆಡ್ ಬರೋಬ್ಬರಿ ಈ ವರ್ಕಿಂಗ್ಟನ್ನಿನ ಮೈದಾನ "ಬರೋ ಪಾರ್ಕ್"ಗೇ ಬಂದಿತ್ತು. 21,000 ಮಂದಿ. ಮೊದಲ ಅರ್ಧದಾಗ ವರ್ಕಿಂಗ್ಟನ್ ಒಂದು ಗೋಲ್ ಮುಂದ! ಆಮ್ಯಾಲ ಡೆನಿಸ್ ವಯೋಲೆಟ್ ಮೂರು ಹೊಡದಾ, 3-1. ಮುಂದಿನ ತಿಂಗಳ ಮ್ಯೂನಿಕ್ಕಿನ್ಯಾಗ ಆ ತಂಡದ ವಿಮಾನ ಬಿತ್ತು. ಮುದುಕ ಇದನ್ನೆಲ್ಲಾ ಹೇಳೂವಾಗ ಸೋತದ್ದರ ದುಃಖ ಏನೂ ಇರೂದಿಲ್ಲ. ದೊಡ್ಡವರು ನಮ್ಮೂರಿನ ತನಕ ಬಂದ್ರು ಅನ್ನೂದ ಅವನಿಗೆ ಗೆದ್ದಂಗ.

ಇನ್ನ ಬ್ಯಾರೊ "ನಮ್ಮವರಲ್ಲ" ಅನ್ನೂದು. ಕಂಬ್ರಿಯಾ ಅನ್ನೂ ಜಿಲ್ಲಾನ ಹುಟ್ಟಿದ್ದು 1974ರಾಗ. ಕಂಬರ್‌ಲೆಂಡ್, ವೆಸ್ಟ್‌ಮೋರ್‌ಲೆಂಡ್ ಎರಡಕ್ಕ ಲ್ಯಾಂಕಶೈರಿನ ಒಂದು ತುಂಡು ಕೂಡಿಸಿ ಹೊಲದ್ರು, ಆ ತುಂಡಿನ್ಯಾಗ ಬ್ಯಾರೊ ಬಂತು. 2023ರಾಗ ಮತ್ತ ಹರದು ಎರಡು ಕೌನ್ಸಿಲ್ ಮಾಡಿದ್ರು, ಬ್ಯಾರೊ ಮತ್ತ ಬ್ಯಾರೆ ಕಡೆ ಹೋತು. ಪೇಪರಿನವರು "ಕಂಬ್ರಿಯಾ ಡರ್ಬಿ" ಅಂತ ಬರೀತಾರ, ಆದ್ರ ಕಾರ್ಲೈಲಿನಿಂದ ಬ್ಯಾರೊಗೆ ಸಮುದ್ರದಂಡಿ ರೈಲು ಹಿಡದ್ರ ಎರಡೂವರೆ ತಾಸಿಗೂ ಹೆಚ್ಚು. ಮೇರಿಪೋರ್ಟ್, ವರ್ಕಿಂಗ್ಟನ್, ವೈಟ್‌ಹೇವನ್, ಸೆಲಾಫೀಲ್ಡ್ ಅಂತ ಎಲ್ಲಾ ಕಡೆ ನಿಂತು ನಿಂತು ಹೋಗ್ತದ. ಅಷ್ಟೊತ್ತಿನ್ಯಾಗ ನ್ಯೂಕಾಸಲ್ಲಿಗೆ ಹೋಗಿ ಮ್ಯಾಚಿನ ಅರ್ಧ ನೋಡಬಹುದು. ಇಂಥಾ ಡರ್ಬಿಗೆ ಬಿಸಿ ಎಲ್ಲಿಂದ ಬರಬೇಕು? ಬಂದದ ಅನ್ರಿ, ಬ್ಯಾರೊ ಲೀಗಿಗೆ ಮರಳಿದ ಮ್ಯಾಲ. ಹುಡುಗರು ಕುಣೀತಾರ. ಆದ್ರ ಹಳೇ ಮಂದಿಗೆ ಅದು ನಕಾಶೆ ಮಾಡಿದ ಜಗಳ.

ಕಾರ್ಲೈಲಿನ ಕಷ್ಟ ಇದ. ಬೆನ್ನಿಗೆ ಸ್ಕಾಟ್ಲೆಂಡ್, ಬಲಕ್ಕ ನ್ಯೂಕಾಸಲ್. ಊರೊಳಗ ಎಷ್ಟೋ ಹುಡುಗರು ನ್ಯೂಕಾಸಲ್‌ನ ಕಪ್ಪು-ಬಿಳಿ ಪಟ್ಟಿ ಶರ್ಟೇ ಹಾಕ್ತಾರ. ಸಮಾ ಬಲದ ವೈರಿ ಬಾಜೂಕ ಇಲ್ಲ. ಹಂಗಾಗಿ ಹೊರಗಿನವರಿಗೆ ಕಾರ್ಲೈಲ್ ಅಂದ್ರ ದೂರ ಒಂದ ನೆನಪು. ಆಟಗಾರರನ್ನ ಕರೀಬೇಕಂದ್ರೂ ಅದೇ ತೊಡಕು. ಹೆಂಡತಿ ಮಕ್ಕಳು ಮ್ಯಾಂಚೆಸ್ಟರ್, ಲಿವರ್‌ಪೂಲ್ ಕಡೆ ಇರತಾರ, ಇಲ್ಲಿಗೆ ಬಾ ಅಂದ್ರ ಬರೂದಿಲ್ಲ. ಬ್ಯಾರೊ ಅಂತೂ ತನ್ನ ತಂಡದ ಪ್ರಾಕ್ಟೀಸನ್ನ ಎಷ್ಟೋ ವರ್ಷ ಮ್ಯಾಂಚೆಸ್ಟರ್ ಕಡೇನ ನಡಿಸ್ತು. ಆಟಗಾರರಿಗೆ ತಮ್ಮ ಸ್ವಂತ ಮೈದಾನಕ್ಕ ಬರೂದೂ ಒಂದು ಪ್ರವಾಸ!

"ರಫ್" ಅನ್ನೂದು ಪೂರಾ ಸುಳ್ಳಲ್ಲ. ಎಂಬತ್ತರ ದಶಕದಾಗ ಇಂಗ್ಲೆಂಡಿನ ಬಹುತೇಕ ಕ್ಲಬ್ಬಿಗೆ ಒಂದೊಂದು ಪುಂಡರ ಗ್ಯಾಂಗ್ ಇತ್ತು, ಇಲ್ಲೂ ಇತ್ತು. ಉಳದ ಊರಿನವರದ್ದು ಜನ ಮರತ್ರು, ಯಾಕಂದ್ರ ವರ್ಷಾ ಹೋಗಿ ಬಂದು ಮಾಡ್ತಾರ, ಹೊಸಾದು ನೋಡ್ತಾರ. ಇಲ್ಲಿಗೆ ಯಾರು ಬರತಾರ? ಅಪ್ಪ ಒಮ್ಮೆ ಬಂದಾಗ ಸ್ಟೇಷನ್ ಬಾಜೂಕ ಬಡಿದಾಟ ನೋಡಿದ್ದನ್ನ ಮಗಾ ಇನ್ನೂ ಹೇಳ್ತಾನ.

ಮಂಡ್ಯ_ಟು_ಮ್ಯಾಂಚೆಸ್ಟರ್

ಯಜಮಾನ್ರೇ, ಕತೆ ಚೆಂದಾಗದೆ. ನಾನು ಸ್ಟಾಕ್‌ಪೋರ್ಟ್ ಕೌಂಟಿ ಕಡೆಯೋನು, 2023ರಲ್ಲಿ ವೆಂಬ್ಲಿಲಿ ಪೆನಾಲ್ಟಿ ಹೊಡ್ದು ನಮ್ಮುನ್ನ ಅಳಿಸಿದೋರು ನಿಮ್ಮೋರೇಯ. ಅದ್ನ ಮರ್ತಿಲ್ಲ.

ಆದ್ರೆ ಒಂದು ಅನುಮಾನ. ಆವತ್ತು ಓಟು ಇದ್ದುದ್ದು ಬಹುಪಾಲು ಫಸ್ಟು, ಸೆಕೆಂಡು ಡಿವಿಷನ್ ಕ್ಲಬ್ಬುಗಳ ಕೈಲಿ. ಕೆಳಗಿನ ಡಿವಿಷನ್‌ಗಳಿಗೆಲ್ಲ ಸೇರಿ ಬೆರಳೆಣಿಕೆ ಓಟು. ಆರ್ಸೆನಲ್ಲೋರು ಬ್ಯಾರೊಗೆ ಯಾವತ್ತು ಬಸ್ಸತ್ತಿದ್ರು? ಡೀಸೆಲ್ ಲೆಕ್ಕ ಅವ್ರಿಗ್ಯಾಕೆ? ಅಲ್ಲಿಗೆ ನಿಮ್ಮ ದೂರದ ವಾದ ಬಿದ್ದೋಗಲ್ವಾ?

ಇನ್ನೊಂದು, 1972ರಲ್ಲಿ ಬ್ಯಾರೊಗಿಂತ ಕೆಳಗಿದ್ದುದ್ದು ನಮ್ಮ ಸ್ಟಾಕ್‌ಪೋರ್ಟು ಅಂತ ನೀವೇ ಹೇಳಿದ್ರಿ. ನಮಗೆ ಏನೂ ಆಗ್ಲಿಲ್ಲ. ಮ್ಯಾಂಚೆಸ್ಟರ್ ಪಕ್ಕದಲ್ಲಿ ಇದ್ದುದ್ದಕ್ಕೇ ಬಚಾವಾದ್ವಿ ಅಂತೀರಾ? ಪಕ್ಕದಲ್ಲಿ ದೊಡ್ಡೂರು ಇದ್ದು ಗೇಟ್ಸ್‌ಹೆಡ್ ಮುಳುಗ್ತು, ನಾವು ಉಳ್ಕಂಡ್ವಿ. ಎರಡಕ್ಕೂ ಒಂದೇ ಔಷಧಿ ಕೊಡ್ತಾ ಇದ್ದೀರಿ.

ಧಾರವಾಡದಾಂವ

ಛಲೋ ಹಿಡದ್ರಿ ಬಿಡ್ರಿ. ಆದ್ರ ಆರ್ಸೆನಲ್ಲಿನವರು ಬಸ್ ಹತ್ತಿದ್ದಿಲ್ಲ ಅನ್ನೂದಾ ನನ್ನ ಮಾತಿಗೆ ಜೀವ. ಒಮ್ಮೆಯೂ ಬರದವರು ಓಟು ಹಾಕೂದು ಹೆಂಗ? ಕೇಳಿದ ಸುದ್ದಿ ಮ್ಯಾಲ. ಕೆಳಗಿನ ಡಿವಿಷನ್ನಿನವರು ಹೋಟೆಲ್ ಲಾಬಿಯೊಳಗ "ಬ್ಯಾರೊ ಪ್ರವಾಸ ಸಾಕಾಗೇದ" ಅಂತ ಗೊಣಗಿದ್ದು ಮ್ಯಾಲಿನವರ ಕಿವಿಗೆ ಬೀಳ್ತದ, ಅಷ್ಟ. ಈ ತಂಗಿಗೆ ದೀಪಾವಳ್ಯಾಗ "ರಫ್" ಅಂದವರೂ ಹೋದವರಲ್ಲ, ನೆನಪಿರಲಿ.

ಮತ್ತ ಗೆದ್ದವರು ಯಾರು ನೋಡ್ರಿ. ಹೆರೆಫೋರ್ಡ್ 1972ರ ಫೆಬ್ರವರಿಯೊಳಗ ಕೆಸರಿನ ಮೈದಾನದಾಗ ನ್ಯೂಕಾಸಲ್‌ನ ಎಫ್‌ಎ ಕಪ್ಪಿನಿಂದ ಹೊರಗ ಹಾಕಿತ್ತು. ರಾನಿ ರಾಡ್‌ಫರ್ಡ್ ದೂರಿಂದ ಹೊಡೆದ ಆ ಗೋಲ್ ಟಿವಿಯೊಳಗ ಇಡೀ ದೇಶ ನೋಡ್ತು. ಮುಂದ ನಾಲ್ಕು ತಿಂಗಳಿಗೆ ಸಭಾ. ವಿಂಬಲ್ಡನ್ನಿನವರು 1975ರಾಗ ಬರ್ನ್ಲಿಗೆ ಹೋಗಿ ಗೆದ್ದು, ಲೀಡ್ಸ್‌ಗೆ ಹೋಗಿ ಸಮ ಮಾಡ್ಕೊಂಡು, ಅಲ್ಲಿ ಗೋಲಿ (ಗೋಲ್‌ಕೀಪರ್) ಡಿಕಿ ಗೈ ಪೆನಾಲ್ಟಿ ಹಿಡದಾ. ಎರಡೂ ಕ್ಲಬ್ಬಿನ ಹೆಸರು ಆದದ್ದು ಒಂದೆರಡು ಕಪ್ ಮ್ಯಾಚಿನ್ಯಾಗ. ಐವತ್ತು ವರ್ಷ ಲೀಗಿನೊಳಗ ದುಡದ ಬ್ಯಾರೊಗೆ ಅಂಥಾ ಒಂದು ಮಧ್ಯಾಹ್ನ ಸಿಗಲಿಲ್ಲ.

ಗೇಟ್ಸ್‌ಹೆಡ್‌ಗೂ ನಿಮ್ಮ ಸ್ಟಾಕ್‌ಪೋರ್ಟಿಗೂ ಫರಕ್ ಅದ. ನಿಮ್ಮ ಸುತ್ತ ಓಲ್ಡಮ್, ರೋಚ್‌ಡೇಲ್, ಬರಿ, ಕ್ರೂ ಅಂತ ನಿಮ್ಮಂಥಾವರ ಒಂದು ದೊಡ್ಡ ಬಳಗ. ನೀವು ಹೋದ್ರ ಅವರೆಲ್ಲರ ಹತ್ತಿರದ ಒಂದು ಪಂದ್ಯ ಹೋಗ್ತದ. ಗೇಟ್ಸ್‌ಹೆಡ್‌ಗೆ ನೆರೆಯವರು ಇದ್ರು, ಆದ್ರ ನ್ಯೂಕಾಸಲ್ ಮ್ಯಾಲಿನ ಡಿವಿಷನ್ನಿನ್ಯಾಗ. ಜಗಳ ಆಡಬೇಕಂದ್ರ ಒಂದ ಕಟ್ಟಿಮ್ಯಾಲ ಕೂತಿರಬೇಕಲ್ಲ.

ಆಸ್ಟಿನ್ ಟೌನ್ ಲೆಫ್ಟ್‌ವಿಂಗ್

ಬೆಂಗಳೂರಿಂದ ಒಂದು ಮಾತು ಸೇರಿಸ್ತೀನಿ. ನಮ್ಮ ಸೂಪರ್ ಡಿವಿಷನ್ ಲೀಗಲ್ಲಿ "ಅವೇ", ಅಂದ್ರೆ ಪರಊರಿನ ಮ್ಯಾಚು, ಅನ್ನೋದೇ ಇಲ್ಲ ಸಾರ್. ಎಲ್ಲಾ ಟೀಮೂ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೇ ಬರಬೇಕು. ಹಂಗಾಗಿ ಹೆಸರು ಅನ್ನೋದು ಪೂರ್ತಿ ಏರಿಯಾ ಮೇಲೆ: ಗೌತಮಪುರದ ಹುಡುಗ, ಮರ್ಫಿ ಟೌನ್ ಹುಡುಗ, ಆಸ್ಟಿನ್ ಟೌನ್ ಹುಡುಗ. ಎಚ್‌ಎಎಲ್, ಐಟಿಐ ಥರ ಕಂಪನಿ ಟೀಮಲ್ಲಿ ಆಡಿದ್ರೂ ಜನ ಕೇಳೋದು "ಯಾವ ಏರಿಯಾ ಮಗಾ?" ಅಂತಲೇ.

ದೂರ ಅನ್ನೋದು ಗೊತ್ತಾಗೋದು ಮೇಲೆ ಹೋದಾಗ. ಎಸ್‌ಸಿ ಬೆಂಗಳೂರು 2024-25ರಲ್ಲಿ ದೇಶದ ಎರಡನೇ ಹಂತದ ಐ-ಲೀಗ್ ಆಡಿದಾಗ ಶ್ರೀನಗರ, ಶಿಲ್ಲಾಂಗ್, ಐಜ್ವಾಲ್ ಕಡೆಯ ಟೀಮುಗಳ ಎದುರು ಆಡಬೇಕಾಯ್ತು. ಫ್ಯಾನ್ಸ್ ಹೋಗೋ ಮಾತೇ ಇಲ್ಲ. ನಾನು ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಬೆಂಗಳೂರು ಎಫ್‌ಸಿಗೆ ಕೂಗೋನು, ನಮಗೆ ಕೊಚ್ಚಿ ಒಂದು ರಾತ್ರಿ ಬಸ್ಸು. ಅಷ್ಟು ಹತ್ತಿರ ಇರೋದಕ್ಕೇ ಕೇರಳ ಬ್ಲಾಸ್ಟರ್ಸ್ ಜೊತೆ ಈ ಮಟ್ಟದ ಕಿಚ್ಚು. 2023ರಲ್ಲಿ ಚೆಟ್ರಿ ಫ್ರೀಕಿಕ್ ಗೋಲಿಗೆ ಅವರ ಟೀಮು ಕಂಠೀರವದಿಂದ ಎದ್ದು ಹೋಯ್ತಲ್ಲ, ಅದಾದ ಮೇಲೆ ಕೊಚ್ಚಿಯಲ್ಲಿ ನೀಲಿ ಶರ್ಟು ಅಂದ್ರೆ ಏನು ಅಂತ ಹೋದವರನ್ನ ಕೇಳಿ. ಧಾರವಾಡದ ಅಣ್ಣ ಹೇಳಿದ್ದು ನಿಜ, ಬಸ್ಸು ಹೋಗೋ ದೂರದಲ್ಲಿ ಇದ್ರೆ ಮಾತ್ರ ಜಗಳ.

ತೀರ್ಥಹಳ್ಳಿ_ಅಮ್ಮ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟೊಂದು ವಿಷಯ ಬರುತ್ತೆ ಅಂದುಕೊಂಡಿರಲಿಲ್ಲ. ಆದರೆ ಅಣ್ಣಾ, ಓಟು ಹೋಗಿ ನಲವತ್ತು ವರ್ಷ ಆಯ್ತಲ್ಲ. ಈಗ ದೂರ ಇದ್ದರೆ ಏನು ನಷ್ಟ? ಮಗ ಅಂತೂ "ನಮ್ಮವರು ಎಲ್ಲರಿಗಿಂತ ದೂರ ಹೋಗ್ತಾರೆ" ಅಂತ ಹೆಮ್ಮೆ ಪಡ್ತಾನೆ. ಆಮೇಲೆ ಗೇಟ್ಸ್‌ಹೆಡ್ ಬಗ್ಗೆ ಯಾರೂ ಹೇಳಲೇ ಇಲ್ಲ.

ಧಾರವಾಡದಾಂವ

ನಿಮ್ಮ ಮಗಾ ನನಕಿಂತ ಶಾಣ್ಯಾ ಇದ್ದಾನ. ಓಟು ಹೋದ ಮ್ಯಾಲ ದೂರದ ಬೆಲೀನ ತಿರುವು ಮುರುವು ಆತು. ಈಗ ಯಾರು ಹೊರಗ ಹೋಗಬೇಕು ಅನ್ನೂದು ಪಾಯಿಂಟ್ ಟೇಬಲ್ ಹೇಳ್ತದ. 1999ರ ಮೇ 8 ನೋಡ್ರಿ. ಕಡೀ ದಿನ, ಬ್ರಂಟನ್ ಪಾರ್ಕಿನ್ಯಾಗ ಪ್ಲಿಮತ್ ಜೋಡಿ 1-1. ಅತ್ತ ಸ್ಕಾರ್‌ಬರೊದ ಮ್ಯಾಚ್ ಮುಗದು ಅವರ ಮಂದಿ ಉಳದ್ವಿ ಅಂತ ಕುಣೀತಿದ್ರು. ಇತ್ತ ಹೆಚ್ಚುವರಿ ಹೊತ್ತಿನ್ಯಾಗ ಒಂದು ಕಾರ್ನರ್. ಸ್ವಿಂಡನ್ನಿನಿಂದ ಎರವಲು ತಂದ ಗೋಲಿ ಜಿಮಿ ಗ್ಲಾಸ್ ತನ್ನ ಗೋಲ್ ಖಾಲಿ ಬಿಟ್ಟು ಓಡಿ ಬಂದಾ. ಹೆಡರ್ ಒಂದು ಪ್ಲಿಮತ್ತಿನ ಗೋಲಿ ಕೈಗೆ ಬಡದು ವಾಪಸ್ ಬಂತು, ಈ ಪುಣ್ಯಾತ್ಮ ಬಲಗಾಲಿಲೆ ಒದ್ದಾ. ಕಾರ್ಲೈಲ್ ಉಳೀತು, ಸ್ಕಾರ್‌ಬರೊ ಹೋತು, 2007ಕ್ಕ ಆ ಕ್ಲಬ್ಬೇ ಮುಚ್ಚಿತು. ಗ್ಲಾಸ್ ಇಲ್ಲಿ ಆಡಿದ್ದು ಬರೇ ಮೂರು ಮ್ಯಾಚು. ಆದ್ರ ನನಗ ಆ ದಿನದಾಗ ಕಾಡೂದು ಪ್ಲಿಮತ್ತಿನ ಮಂದಿ. ಅವರಿಗೆ ಏನೂ ಆಗಬೇಕಾಗಿದ್ದಿಲ್ಲ, ದೇಶದ ಆ ತುದಿಯಿಂದ ಸುಮಾರು 390 ಮೈಲಿ ಬಂದು ನಿಂತಿದ್ರು. ಅಂಥಾವರಿಗೆ ಇಂಗ್ಲೆಂಡಿನ್ಯಾಗ ಎಲ್ಲಾ ಕಡೆ ಮಾನ ಅದ. ಅವೇ ಸ್ಟ್ಯಾಂಡಿನ್ಯಾಗ ಕಡಿಮಿ ಮಂದಿ ಕಂಡ್ರ "ಇಷ್ಟ ಮಂದೀನ ಕರಕೊಂಡು ಬಂದೀರೇನು?" ಅಂತ ಹಾಡಿ ಅಣಕಸ್ತಾರ. ಪ್ಲಿಮತ್, ಕಾರ್ಲೈಲ್ ಮಂದಿಗೆ ಹಂಗ ಹಾಡಾಕ ಸ್ವಲ್ಪ ನಾಚಿಕಿ ಆಗ್ತದ.

2025ರಾಗ ನ್ಯಾಷನಲ್ ಲೀಗಿಗೆ ಅದಕ್ಕೂ ಮೀರಿದ್ದು ಬಂತು, ದೇಶದ ನೈಋತ್ಯ ತುದಿ ಕಾರ್ನ್‌ವಾಲಿನ ಟ್ರೂರೊ. ಪಾಪ ಆ ಕ್ಲಬ್ಬು ಊರೊಳಗ ಮೈದಾನ ಇಲ್ಲದ ವರ್ಷಗಟ್ಟಲೆ ಪ್ಲಿಮತ್, ಗ್ಲಾಸ್ಟರ್ ಅಂತ ಅಲೆದು ಆಡ್ತು. "ಹೋಮ್" ಮ್ಯಾಚಿಗೂ ಪರಊರು. ನಮ್ಮವರಿಗೂ ಅದರ ರುಚಿ ಗೊತ್ತದ. 2015ರ ಡಿಸೆಂಬರಿನ್ಯಾಗ ಡೆಸ್ಮಂಡ್ ಬಿರುಗಾಳಿಗೆ ಬ್ರಂಟನ್ ಪಾರ್ಕ್ ಕೆರಿ ಆದಾಗ ಪ್ರೆಸ್ಟನ್, ಬ್ಲ್ಯಾಕ್‌ಬರ್ನ್, ಬ್ಲ್ಯಾಕ್‌ಪೂಲ್ ತಮ್ಮ ಮೈದಾನ ಬಿಟ್ಟುಕೊಟ್ರು. ಪ್ರೆಸ್ಟನ್, ಬ್ಲ್ಯಾಕ್‌ಪೂಲ್ ಅಂದ್ರ ಕಾರ್ಲೈಲ್ ಮಂದಿ ಹಲ್ಲು ಕಡೀತಾರ, ಆದ್ರ ಆ ವರ್ಷ ಯಾರೂ ಪಿಟ್ಟೆನ್ನಲಿಲ್ಲ.

ಗೇಟ್ಸ್‌ಹೆಡ್‌ಗೆ ಆರಾಮ ಹೋಗ್ರಿ, ಕೂಸಿನ ಕರಕೊಂಡು. ಕಾರ್ಲೈಲಿನಿಂದ ನ್ಯೂಕಾಸಲ್ ರೈಲು ಒಂದೂವರೆ ತಾಸು, ಅಲ್ಲಿ ಮೆಟ್ರೊ ಹಿಡದು ಗೇಟ್ಸ್‌ಹೆಡ್ ಸ್ಟೇಡಿಯಂ ಅಂತ ಒಂದು ಸ್ಟೇಷನ್ನ ಅದ, ಇಳದು ನಡೀರಿ. ಅದು ಓಟದ ಟ್ರ್ಯಾಕ್ ಇರೂ ಮೈದಾನ, ಚೆಂಡು ಭಾಳ ದೂರ ಕಾಣ್ತದ, ಗಾಳಿ ನೇರ ಮೈಗೆ ಬಡೀತದ. ಸ್ವೆಟರ್ ಮ್ಯಾಲ ಇನ್ನೊಂದು ಜಾಕೀಟು ಹಾಕ್ರಿ. ಟಿಕೆಟ್ ಕಾರ್ಲೈಲ್ ಕ್ಲಬ್ಬಿನಿಂದನ ತಗೋರಿ, ನಮ್ಮ ಮಂದಿ ನಡು ಕೂಡಬಹುದು. ಬಾಯಿ ಕೆಟ್ಟದ್ದು ಇರತಾವ, ಅದು ಎಲ್ಲಾ ಕಡೆ. ಹಿಂದಿನ ಸಾಲಿನ್ಯಾಗ ಹುಡುಗರು ನಿಂತು ಕೂಗ್ತಾರ, ಮುಂದ ಸಂಸಾರಸ್ಥರು ಕೂಡ್ತಾರ, ನೀವು ಮುಂದ ಕೂಡ್ರಿ. ವಾಪಸ್ ರೈಲಿನ ಟೈಮ್ ಮಾತ್ರ ಮೊದಲ ನೋಡಿಕೊಂಡು ಹೋಗ್ರಿ, ಮಂಗಳವಾರ ರಾತ್ರಿ ಮ್ಯಾಚ್ ಆದ್ರ ಕಾರು ಇರಲಿ.

ಮಂಡ್ಯ_ಟು_ಮ್ಯಾಂಚೆಸ್ಟರ್

ಅಕ್ಕಾ, ಇನ್ನೊಂದ್ ವಿಷ್ಯ. ಮಗೀಗೆ ಗೇಟ್ಸ್‌ಹೆಡ್ ಮುಗುದ್ಮೇಲೆ ಟ್ರೂರೊ ಹೆಸರು ಹೇಳ್ಬ್ಯಾಡಿ. ಹೇಳಿದ್ರೆ ರಜಾ ಹಾಕ್ಕಂಡು ನೀವೇ ಹೋಗ್ಬೇಕಾಯ್ತದೆ.